ವಯಲಿನ್ ಸ್ಪರ್ಧೆಗೆ ಒಂದು ಪರದೆ ಕಟ್ಟಿ

ಶಾಲಾ ಮಕ್ಕಳ ಉಪಜಿಲ್ಲಾ ಕಲೋತ್ಸವ ಹತ್ತಿರ ಬರುತ್ತಿದೆ. ಸಂಘಟಕರಲ್ಲಿ ನನ್ನದೊಂದು ಬೇಡಿಕೆ. ವಯಲಿನ್ ಸ್ಪರ್ಧೆಗೆ ತೀರ್ಪುಗಾರರ ಎದುರು ಒಂದು ಪರದೆ ಕಟ್ಟಿ.

ಚೀಟಿ ಎತ್ತಿ ಕೋಡ್ ಅಕ್ಷರ ಕೊಡುತ್ತಾರೆ, ಹೆಸರು ಹೇಳುವುದಿಲ್ಲ, ನಿಜ. ಆದರೆ ನಮ್ಮ ಕಾಸರಗೋಡಿನಲ್ಲಿ ಸಂಗೀತದವರಿಗೆಲ್ಲ ಒಬ್ಬರಿಗೊಬ್ಬರು ಪರಿಚಯ. ಮಗು ವೇದಿಕೆಗೆ ಬಂದ ಕೂಡಲೇ ಯಾರ ಮನೆಯದು, ಯಾವ ಮಾಷ್ಟ್ರ ಹತ್ತಿರ ಕಲಿಯುವುದು ಅಂತ ಗೊತ್ತಾಗಿಬಿಡುತ್ತದೆ. ತೀರ್ಪುಗಾರರು ಎಷ್ಟೇ ಪ್ರಾಮಾಣಿಕರಿರಲಿ, ಕಣ್ಣು ಸುಮ್ನೆ ಇರುವುದಿಲ್ಲ.

ಪಾಶ್ಚಾತ್ಯ ಆರ್ಕೆಸ್ಟ್ರಾಗಳು ಇದನ್ನು ಯಾವತ್ತೋ ಅರ್ಥ ಮಾಡಿಕೊಂಡವು. ಅಮೆರಿಕದ ಬೋಸ್ಟನ್ ಸಿಂಫನಿ ಆರ್ಕೆಸ್ಟ್ರಾ 1952ರಲ್ಲೇ ಪರದೆಯ ಹಿಂದೆ ಆಡಿಷನ್, ಅಂದರೆ ವಾದಕರನ್ನು ನುಡಿಸಿ ನೋಡಿ ಆರಿಸುವ ಪರೀಕ್ಷೆ, ಶುರು ಮಾಡಿತು. ಹೆಜ್ಜೆ ಸಪ್ಪಳದಿಂದ ಗಂಡೋ ಹೆಣ್ಣೋ ಗೊತ್ತಾಗಬಾರದು ಅಂತ ಕೆಲವು ಕಡೆ ನೆಲಕ್ಕೆ ಕಾರ್ಪೆಟ್ ಕೂಡ ಹಾಸುತ್ತಾರೆ.

ಆ ಆಡಿಷನ್ ಸುಲಭದ್ದಲ್ಲ. ಒಂದು ಕುರ್ಚಿ ಖಾಲಿಯಾದರೆ ನೂರಕ್ಕೂ ಮಿಕ್ಕಿ ಅರ್ಜಿ ಬರುವುದುಂಟು. ವಯಲಿನ್‌ನವರಿಗೆ ಜರ್ಮನ್ ಸಂಗೀತ ರಚನೆಕಾರ ರಿಚರ್ಡ್ ಸ್ಟ್ರಾಸ್‌ನ 'ಡಾನ್ ಹುವಾನ್' ಎಂಬ ಆರ್ಕೆಸ್ಟ್ರಾ ಕೃತಿಯ ಮೊದಲ ಪುಟ ತಪ್ಪಿದ್ದಲ್ಲ. ಮೊದಲ ಸಾಲಿನಲ್ಲೇ ಸ್ವರಗಳು ಕೆಳಗಿನಿಂದ ಮೇಲಕ್ಕೆ ನುಗ್ಗುತ್ತವೆ. ಒಂದು ಬೆರಳು ಕೂದಲೆಳೆಯಷ್ಟು ತಪ್ಪಿದರೂ ಕೇಳಿಸುತ್ತದೆ. ಜೊತೆಗೆ ಬೇರೆ ವಾದ್ಯವಿಲ್ಲ. ಭಾಗವತರ ಪದವಿಲ್ಲದೆ ಚೆಂಡೆ ಒಂದನ್ನೇ ಬಾರಿಸಿ ಪ್ರಸಂಗ ಕಾಣಿಸಬೇಕು ಅಂದ ಹಾಗೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಹೋದವರಿಗೆ ಸಿಗುವುದು ಕೆಲವೇ ನಿಮಿಷ. ಆ ಕೆಲವು ನಿಮಿಷವಾದರೂ ಪೂರ್ತಿ ಅವರ ನಾದಕ್ಕೇ ಸಲ್ಲಬೇಕು, ಅಲ್ವಾ?

1980ರಲ್ಲಿ ಜರ್ಮನಿಯ ಮ್ಯೂನಿಕ್ ಫಿಲ್ಹಾರ್ಮೊನಿಕ್ ಆರ್ಕೆಸ್ಟ್ರಾದಲ್ಲಿ ಮುಖ್ಯ ಟ್ರಾಂಬೋನ್ (ಊದುವ ಹಿತ್ತಾಳೆ ವಾದ್ಯ) ಸ್ಥಾನಕ್ಕೆ ಆಡಿಷನ್ ಇತ್ತು. ಬಂದವರಲ್ಲಿ ಒಬ್ಬ ಅಲ್ಲಿನವರಿಗೆ ಪರಿಚಯದ ವಾದಕರ ಮಗ, ಹಾಗಾಗಿ ಪರದೆ ಹಾಕಿದರು. 33 ಜನರಲ್ಲಿ 16ನೆಯವರಾಗಿ ನುಡಿಸಿದ್ದು ಆಬಿ ಕೊನಾಂಟ್. ಗಂಡಸು ಅಂದುಕೊಂಡು ಪತ್ರದಲ್ಲಿ 'ಹೆರ್' (ಜರ್ಮನ್‌ನಲ್ಲಿ 'ಶ್ರೀ') ಅಂತ ಬರೆದು ಕರೆದಿದ್ದರು. ಆಯ್ಕೆಯಾದವರು ಪರದೆಯಿಂದ ಹೊರಗೆ ಬಂದರೆ ಹೆಂಗಸು! ಆಮೇಲೆ ಅವರನ್ನು ಎರಡನೆಯ ಟ್ರಾಂಬೋನಿಗೆ ಇಳಿಸಿದರು. ವರ್ಷಗಟ್ಟಲೆ ಕೋರ್ಟು ಅಲೆದು ಅವರು ಗೆದ್ದರು. ಕಿವಿ ಕೊಟ್ಟ ತೀರ್ಪನ್ನು ಕಣ್ಣು ಒಪ್ಪಲಿಲ್ಲ. ಇದನ್ನು ನೆನೆದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಪರದೆ ಬೇಡ ಅನ್ನುವವರೂ ಇದ್ದಾರೆ. ಅಮೆರಿಕದ ಆರ್ಕೆಸ್ಟ್ರಾಗಳಲ್ಲಿ ಕಪ್ಪು ವಾದಕರು ಇವತ್ತಿಗೂ ತೀರಾ ಕಡಿಮೆ, ಪರದೆಯಿಂದ ಅದು ಸರಿಹೋಗಲಿಲ್ಲ ಅನ್ನುತ್ತಾರೆ. ಆ ಮಾತಲ್ಲಿ ಹುರುಳಿದೆ. ಒಳ್ಳೆಯ ವಾದ್ಯ, ಕಲಿಸುವವರು, ಅಭ್ಯಾಸಕ್ಕೆ ಪುರುಸೊತ್ತು, ಇದೆಲ್ಲ ಪರದೆಯ ಹತ್ತಿರ ಬರುವ ಮೊದಲೇ ಸಿಗಬೇಕು. ನಮ್ಮ ಜಿಲ್ಲೆಯ ಪೆರ್ಲದ ಮಗು ಪಾಶ್ಚಾತ್ಯ ವಯಲಿನ್ ಕಲಿಯಲು ಮಂಗಳೂರಿನ ಬಸ್ಸು ಹತ್ತಬೇಕಾದ ಸ್ಥಿತಿ ಇದೆ. ಅದಕ್ಕೆ ಬೇರೆಯೇ ಕೆಲಸ ಆಗಬೇಕು. ಆದರೆ ಅಷ್ಟು ದೂರ ಹೋಗಿ ಕಲಿತು ಬಂದ ಮಗುವಿಗೆ ಸ್ಪರ್ಧೆಯ ದಿನ ನ್ಯಾಯ ಸಿಗಲಿ ಅನ್ನುವುದು ಈಗಲೇ ಆಗುವ ಕೆಲಸ.

ಖರ್ಚೂ ಜಾಸ್ತಿ ಇಲ್ಲ. ದಪ್ಪ ಬಟ್ಟೆ, ಕಟ್ಟಲು ಹಗ್ಗ ಸಾಕು. ಸಭೆಯಲ್ಲಿ ಕೂತವರಿಗೆ ಮಗು ಕಾಣಲಿ, ತೀರ್ಪುಗಾರರಿಗೆ ಮಾತ್ರ ಬೇಡ. ಕೋಡ್ ಅಕ್ಷರವನ್ನು ಬೇರೆಯವರು ಕೂಗಿ ಹೇಳಲಿ, ಮಗು ಮಾತಾಡುವುದು ಬೇಡ.

ಸಂಘಟನಾ ಸಮಿತಿಗೆ ಕೊಡಲು ಮನವಿ ಬರೆಯುತ್ತಿದ್ದೇನೆ. ಸಹಿ ಹಾಕುವ ಮಾಷ್ಟ್ರುಗಳು, ಟೀಚರುಗಳು, ಅಪ್ಪ ಅಮ್ಮಂದಿರು ಇನ್‌ಬಾಕ್ಸಿಗೆ ಬನ್ನಿ.