ಚಡ್ಡಿ ಹೋಯಿತು, ಶಿಲುಬೆ ಬಂತು

ಸೂಪರ್‌ಮ್ಯಾನ್‌ನ ಕೆಂಪು ಚಡ್ಡಿ ವಾಪಸ್ ಬಂದಿದೆ. 2025ರ ಜುಲೈನಲ್ಲಿ ನಿರ್ದೇಶಕ ಜೇಮ್ಸ್ ಗನ್ ಅದನ್ನು ಮತ್ತೆ ತೊಡಿಸಿದರು. ಅಭಿಮಾನಿಗಳ ಒಂದು ಪಂಗಡ ಹಬ್ಬ ಮಾಡಿತು. ಇನ್ನೊಂದು ಪಂಗಡ ಇನ್ನೂ ಸೂತಕದಲ್ಲಿದೆ. ಈ ಎರಡನೆಯವರ ಲೆಕ್ಕದಲ್ಲಿ ಸೂಪರ್‌ಮ್ಯಾನ್ ಅಂದರೆ 2013ರ ‘ಮ್ಯಾನ್ ಆಫ್ ಸ್ಟೀಲ್’ನಲ್ಲಿ ಚಡ್ಡಿ ಬಿಟ್ಟು ಅವತರಿಸಿದ ಹೆನ್ರಿ ಕ್ಯಾವಿಲ್ ಮಾತ್ರ. ಅದರ ನಿರ್ದೇಶಕ ಝ್ಯಾಕ್ ಸ್ನೈಡರ್ ಆ ಮಠದ ಸ್ವಾಮಿಗಳು. ಇವರ ಜೊತೆ ವಾದಕ್ಕೆ ನಿಂತರೆ ಒಂದು ಮಾತು ಬಂದೇ ಬರುತ್ತದೆ. ಆ ಸಿನಿಮಾದಲ್ಲಿ ಆಳ ಇತ್ತಂತೆ. ಯೇಸುವಿನ ಹೋಲಿಕೆ ಇತ್ತಂತೆ. ನಮ್ಮಂಥವರಿಗೆ ಅದು ಅರ್ಥವಾಗಲಿಲ್ಲವಂತೆ.

ಅರ್ಥವಾಗದೇ ಉಳಿಯೋದಕ್ಕೆ ಅವರು ಅವಕಾಶವನ್ನಾದರೂ ಎಲ್ಲಿ ಕೊಟ್ಟರು?

ನೋಡಿ. ನಾಯಕ ಭೂಮಿಗೆ ಬಂದು ಮೂವತ್ತಮೂರು ವರ್ಷ ಆಯಿತು ಅಂತ ಅವನ ಬಾಯಲ್ಲೇ ಹೇಳಿಸುತ್ತಾರೆ. ಶಿಲುಬೆಗೇರಿದಾಗ ಯೇಸುವಿಗೂ ಅಷ್ಟೇ ವಯಸ್ಸು ಅನ್ನೋದು ನಂಬಿಕೆ. ಶತ್ರುವಿಗೆ ಶರಣಾಗಬೇಕೋ ಬೇಡವೋ ಅನ್ನುವ ಪ್ರಶ್ನೆ ಬಂದಾಗ ಅವನು ನೇರ ಚರ್ಚಿಗೆ ಹೋಗಿ ಪಾದ್ರಿಯನ್ನು ಕೇಳುತ್ತಾನೆ. ಕ್ಯಾಮೆರಾ ಅವನನ್ನು ಎಲ್ಲಿ ಹಿಡಿಯುತ್ತದೆ? ಸೆರೆಯಾಗುವ ಮುಂಚೆ ಗೆತ್ಸೆಮನೆ ತೋಟದಲ್ಲಿ ಯೇಸು ಪ್ರಾರ್ಥಿಸುತ್ತಿರುವ ಬಣ್ಣದ ಗಾಜಿನ ಕಿಟಕಿಯ ಮುಂದೆ. ಭುಜದ ಹಿಂದೆಯೇ ಯೇಸು. ಆ ಹೊತ್ತಿಗೆ ಯಾರಾದರೂ ಪಾಪ್‌ಕಾರ್ನ್ ತರಲು ಎದ್ದು ಹೋಗಿದ್ದರೆ? ಅವರಿಗಾಗಿ ಇನ್ನೊಂದು ಏರ್ಪಾಡು. ಸತ್ತುಹೋದ ಹೆತ್ತಪ್ಪನ ಛಾಯೆ ‘ನೀನು ಎಲ್ಲರನ್ನೂ ಕಾಪಾಡಬಲ್ಲೆ’ ಅನ್ನುತ್ತಿದ್ದಂತೆ ಮಗ ಬಾಹ್ಯಾಕಾಶಕ್ಕೆ ಜಾರಿ, ಎರಡೂ ಕೈ ಚಾಚಿ, ಕಾಲು ಜೋಡಿಸಿ ತೇಲುತ್ತಾನೆ. ಶಿಲುಬೆಯನ್ನು ಗ್ರಾಫಿಕ್ಸ್‌ನಲ್ಲಿ ಹಾಕುವುದೊಂದು ಬಾಕಿ.

ಇಷ್ಟಾದ ಮೇಲೂ ಸ್ಟುಡಿಯೋದವರಿಗೆ ಅನುಮಾನ. ಜನಕ್ಕೆ ಗೊತ್ತಾಗದಿದ್ದರೆ? ಹಾಗಾಗಿ ವಾರ್ನರ್ ಬ್ರದರ್ಸ್ ಒಂದು ಮಾರ್ಕೆಟಿಂಗ್ ಕಂಪನಿಯನ್ನು ಹಿಡಿಯಿತು. ಅಮೆರಿಕದ ಪಾಸ್ಟರ್‌ಗಳನ್ನು ಕರೆದು ಮುಂಚಿತವಾಗಿ ಸಿನಿಮಾ ತೋರಿಸಿತು. ಭಾನುವಾರ ಚರ್ಚಿನಲ್ಲಿ ಓದಲು ಪ್ರವಚನದ ಟಿಪ್ಪಣಿಯನ್ನೂ ಬರೆಸಿ ಕೊಟ್ಟಿತು. ತಲೆಬರಹ, ‘ಯೇಸು: ಮೂಲ ಸೂಪರ್‌ಹೀರೋ’. ಇದು ನನ್ನ ಕಲ್ಪನೆ ಅಂದುಕೊಂಡರೆ ಅದು ನನಗೆ ಮಾಡುವ ಗೌರವ. ನನ್ನ ತಲೆ ಅಷ್ಟು ಓಡುವುದಿಲ್ಲ. ಸಿನಿಮಾ ಜೂನ್ 14ಕ್ಕೆ ಬಿಡುಗಡೆ, ಎರಡೇ ದಿನಕ್ಕೆ ಅಪ್ಪಂದಿರ ದಿನ. ಪ್ರವಚನಕ್ಕೆ ಮುಹೂರ್ತವೂ ಪಕ್ಕಾ. ನಮ್ಮಲ್ಲಿ ನಿರ್ಮಾಪಕರು ದೇವಸ್ಥಾನಕ್ಕೆ ಹೋಗಿ ಸಿನಿಮಾ ಗೆಲ್ಲಿಸಪ್ಪಾ ಅಂತ ಪೂಜೆ ಮಾಡಿಸುತ್ತಾರೆ, ದಕ್ಷಿಣೆ ಕೊಟ್ಟು ಬರುತ್ತಾರೆ. ಪಾಪ, ದೇವರನ್ನೇ ಪ್ರಚಾರಕ್ಕೆ ಇಳಿಸಬಹುದು ಅನ್ನೋದು ಅವರಿಗೆ ಹೊಳೆದೇ ಇಲ್ಲ.

ಹಾಗಂತ 1978ರ ಮೂಲ ಸಿನಿಮಾ ನಾಸ್ತಿಕರದ್ದೇನಲ್ಲ. ಅಲ್ಲೂ ಅಪ್ಪ ಜೋರ್-ಎಲ್ ಇದೇ ಮಾತಾಡುತ್ತಾನೆ. ಮನುಷ್ಯರಲ್ಲಿ ಒಳ್ಳೆಯತನ ಇದೆ, ಅದಕ್ಕೇ ನನ್ನ ಒಬ್ಬನೇ ಮಗನಾದ ನಿನ್ನನ್ನು ಅವರ ಬಳಿಗೆ ಕಳಿಸಿದೆ, ಅಂತ. ಯೋಹಾನನ ಸುವಾರ್ತೆ ಓದಿದವರಿಗೆ ಮೂಲ ಎಲ್ಲಿಯದು ಅಂತ ಹೇಳಬೇಕಾಗಿಲ್ಲ. ಆದರೆ ಹೇಳಿದ್ದು ಯಾರು? ಮಾರ್ಲನ್ ಬ್ರಾಂಡೊ. ಈ ಮಹಾನುಭಾವರ ವಿಷಯ ಬಂದ ಮೇಲೆ ಸುಮ್ನೆ ದಾಟಿ ಹೋಗೋಕೆ ಆಗಲ್ಲ.

ತೆರೆಯ ಮೇಲೆ ಮೊದಲ ಹೆಸರು ಬ್ರಾಂಡೊ ಅವರದು. ಎರಡನೆಯದು ಖಳನಾಯಕ ಜೀನ್ ಹ್ಯಾಕ್‌ಮನ್ ಅವರದು. ಸೂಪರ್‌ಮ್ಯಾನ್ ಆಗಿ ಹಾರಾಡಿದ ಕ್ರಿಸ್ಟೋಫರ್ ರೀವ್ ಹೆಸರು ಮೂರನೆಯದು. ಅಪ್ಪನ ಪಾತ್ರ ಇರುವುದು ಸಿನಿಮಾದ ಶುರುವಿನಲ್ಲಿ ಒಂದಿಷ್ಟು ಹೊತ್ತು. ಸಂಬಳ ಮಾತ್ರ ಸುಮಾರು 37 ಲಕ್ಷ ಡಾಲರ್, ಮೇಲೆ ಗಳಿಕೆಯಲ್ಲಿ ಪಾಲು. ಈ ಪಾತ್ರಕ್ಕೆ ನಾನೇ ಯಾಕೆ ಕಾಣಿಸಬೇಕು, ಬೇರೆ ಗ್ರಹದವನಲ್ಲವೇ, ಹಸಿರು ಸೂಟ್‌ಕೇಸ್ ಒಂದನ್ನಿಟ್ಟು ನನ್ನ ದನಿ ಹಾಕಿದರೆ ಸಾಲದೇ ಅಂತ ಕೇಳಿದ್ದರಂತೆ. ಮಾತುಗಳನ್ನು ಬಾಯಿಪಾಠ ಮಾಡುವುದು ಅವರ ಜಾಯಮಾನಕ್ಕೆ ಒಗ್ಗದ ವಿಷಯ. ಹಾಗಾಗಿ ಕಂಡಕಂಡಲ್ಲಿ ಚೀಟಿ ಅಂಟಿಸಬೇಕಿತ್ತು. ಮಗುವನ್ನು ನೌಕೆಯಲ್ಲಿ ಮಲಗಿಸಿ ಬೀಳ್ಕೊಡುವಾಗ ಮಗುವಿನ ಚಡ್ಡಿಬಟ್ಟೆಯ ಮೇಲೆ ಬರೆದಿದ್ದನ್ನು ನೋಡಿಕೊಂಡು ಮಾತಾಡಿದರು ಅನ್ನೋ ಕಥೆಯೂ ಇದೆ. ಇರಬಹುದು. ಆ ಕಣ್ಣಿನಲ್ಲಿ ಕಾಣುವ ಪುತ್ರವಾತ್ಸಲ್ಯ ಅಸಾಮಾನ್ಯವಾದದ್ದು.

ಎರಡನೇ ಭಾಗದ ಕಥೆ ಇನ್ನೂ ಚೆನ್ನಾಗಿದೆ. ಚಿತ್ರೀಕರಣ ಆಗಿತ್ತು, ಬಳಸಿದರೆ ಬ್ರಾಂಡೊಗೆ ಪಾಲು ಕೊಡಬೇಕು. ನಿರ್ಮಾಪಕರು ಲೆಕ್ಕ ಹಾಕಿದರು. ಪರಲೋಕದ ತಂದೆಯನ್ನೇ ಕತ್ತರಿಸಿ ಬಿಸಾಡಿದರು. ಆ ಮಾತುಗಳನ್ನು ತಾಯಿಯ ಬಾಯಲ್ಲಿ ಹೇಳಿಸಿದರು. ದೇವವಾಣಿಯನ್ನು ಕಡಿಮೆ ದರದಲ್ಲಿ ಒದಗಿಸಿದ ಉದಾಹರಣೆ ಧರ್ಮಗಳ ಇತಿಹಾಸದಲ್ಲಿ ಬೇರೆ ಇದೆಯೋ ಇಲ್ಲವೋ.

ಇಷ್ಟೆಲ್ಲಾ ನಗೆಪಾಟಲಿನ ನಡುವೆಯೂ 1978ರ ಸಿನಿಮಾ ಒಂದನ್ನು ಮರೆಯಲಿಲ್ಲ. ಒಬ್ಬನೇ ಮಗ ಅಂತ ಒಂದು ಸಲ ಹೇಳಿ ಮುಂದಕ್ಕೆ ಹೋಯಿತು. ಆ ಮಗ ಊರಿಗೆ ಬಂದು ಏನು ಮಾಡುತ್ತಾನೆ? ಮರದ ಮೇಲೆ ಸಿಕ್ಕಿಕೊಂಡ ಬೆಕ್ಕನ್ನು ಇಳಿಸಿ ಒಂದು ಪುಟ್ಟ ಹುಡುಗಿಗೆ ಕೊಡುತ್ತಾನೆ. ಅವಳು ಒಳಗೆ ಓಡಿ ಹೋಗಿ, ಆಕಾಶದಿಂದ ಒಬ್ಬ ಬಂದು ಬೆಕ್ಕು ಕೊಟ್ಟ ಅಂತ ಅಮ್ಮನಿಗೆ ಹೇಳಿ, ಸುಳ್ಳು ಹೇಳ್ತೀಯಾ ಅಂತ ಏಟು ತಿನ್ನುತ್ತಾಳೆ. ಸುವಾರ್ತೆ ಸಾರಲು ಹೋದವರಿಗೆ ಏನಾಗುತ್ತದೆ ಅನ್ನೋದನ್ನು ಇದಕ್ಕಿಂತ ಚೆನ್ನಾಗಿ ಯಾವ ಟಿಪ್ಪಣಿ ಹೇಳುತ್ತದೆ? ಕೊನೆಯಲ್ಲಿ ಭೂಮಿಯನ್ನೇ ಹಿಂದಕ್ಕೆ ತಿರುಗಿಸಿ ಕಾಲವನ್ನು ವಾಪಸ್ ತರುತ್ತಾನೆ ಬಿಡಿ. ಹೈಸ್ಕೂಲು ವಿಜ್ಞಾನದ ಮೇಷ್ಟ್ರು ನೋಡಿದರೆ ಎದೆ ಹಿಡಿದುಕೊಳ್ಳುತ್ತಾರೆ. ಆದರೂ ಅವನು ಯಾಕೆ ಹಾಗೆ ಮಾಡಿದ ಅಂತ ನಮಗೆ ಅನುಮಾನ ಬರುವುದಿಲ್ಲ. ಅವನ ಪ್ರೇಯಸಿ ಲೋಯಿಸ್ ಸತ್ತಿದ್ದಳು, ಅವನಿಗೆ ತಡೆಯಲಾಗಲಿಲ್ಲ.

ಸಾಕಿದ ಅಪ್ಪನ ಸಾವನ್ನು ತಗೊಳ್ಳಿ. ಮೂಲದಲ್ಲಿ ಹೃದಯಾಘಾತ. ಬೆಟ್ಟ ಎತ್ತುವ ಮಗ ಪಕ್ಕದಲ್ಲೇ ಇದ್ದಾನೆ, ಏನೂ ಮಾಡಲಾಗದು. ‘ಮ್ಯಾನ್ ಆಫ್ ಸ್ಟೀಲ್’ನಲ್ಲಿ ಸುಂಟರಗಾಳಿ. ಅಪ್ಪ ಕಾರಿನಲ್ಲಿ ಸಿಕ್ಕಿಕೊಂಡ ನಾಯಿಯನ್ನು ಬಿಡಿಸಲು ಹೋಗುತ್ತಾನೆ. ಮಗನಿಗೆ ಒಂದು ಕ್ಷಣದ ಕೆಲಸ. ಬೇಡ, ಜನಕ್ಕೆ ಗೊತ್ತಾಗುತ್ತೆ ಅಂತ ಅಪ್ಪ ಕೈ ಎತ್ತುತ್ತಾನೆ. ಮಗ ನಿಂತು ನೋಡುತ್ತಾನೆ. ಗಾಳಿ ಬಂದು ಒಯ್ಯುತ್ತದೆ. ಇದು ತ್ಯಾಗವಂತೆ. ನಾಯಿ ಬದುಕಿತು ಅನ್ನೋದೊಂದೇ ನೆಮ್ಮದಿ.

ಆಮೇಲೆ ಕಥೆಯ ಮಹಾನಗರ ಮೆಟ್ರೋಪೊಲಿಸ್. ಗಂಭೀರ ಸಿನಿಮಾ ಅಂದರೆ ಕಟ್ಟಡಗಳೂ ಗಂಭೀರವಾಗಿಯೇ ಬೀಳಬೇಕು. ಒಂದಾದ ಮೇಲೊಂದು ಬಿದ್ದವು. ಬೂದಿಯಲ್ಲಿ ಮುಳುಗಿದ ಬೀದಿ, ಬೂದಿ ಮೆತ್ತಿದ ಮುಖಗಳು. 2001ರ ಸೆಪ್ಟೆಂಬರ್ 11ರಂದು ನಾವೆಲ್ಲ ಟಿವಿಯಲ್ಲಿ ನೋಡಿದ್ದ ಚಿತ್ರಗಳೇ. ಆ ಕಟ್ಟಡಗಳೊಳಗೆ ಜನ ಇರಲೇಬೇಕಲ್ಲ? ಕ್ಯಾಮೆರಾ ಅವರನ್ನು ಹುಡುಕುವುದಿಲ್ಲ. ಲೋಕರಕ್ಷಕನೂ ಹುಡುಕುವುದಿಲ್ಲ, ಅವನು ತನ್ನದೇ ಗ್ರಹದಿಂದ ಬಂದ ಶತ್ರುವನ್ನು ಗೋಡೆಗೆ ಚಚ್ಚುವುದರಲ್ಲಿ ನಿರತ. ಕಡೆಗೆ ಶತ್ರುವಿನ ಕತ್ತು ಮುರಿದು ಒಂದು ಸಲ ಕಿರುಚುತ್ತಾನೆ. ಮೂವತ್ತಮೂರು ವರ್ಷ, ಗಾಜಿನ ಕಿಟಕಿ, ಚಾಚಿದ ಕೈ, ಇಷ್ಟೆಲ್ಲಾ ಸಿದ್ಧತೆ ಮಾಡಿದ್ದು ಇದಕ್ಕಾ?

ಇದಕ್ಕೂ ಮುಂಚೆ ಸ್ಮಾಲ್‌ವಿಲ್ ಊರಿನಲ್ಲೂ ಹೊಡೆದಾಟ ಇದೆ. ಅಲ್ಲಿ ದೇವರುಗಳು ಸಿಯರ್ಸ್ ಅಂಗಡಿ, ಸೆವೆನ್-ಇಲೆವೆನ್ ಅಂಗಡಿ, ಐಹಾಪ್ ಹೋಟೆಲ್‌ಗಳ ಬೋರ್ಡು ಸರಿಯಾಗಿ ಕಾಣುವ ಹಾಗೆ ಹೊಡೆದಾಡುತ್ತಾರೆ. ಯೇಸು ದೇವಾಲಯದೊಳಗಿನ ವ್ಯಾಪಾರಿಗಳ ಮೇಜು ಉರುಳಿಸಿ ಎಲ್ಲರನ್ನೂ ಹೊರಗಟ್ಟಿದ ಪ್ರಸಂಗ ಬೈಬಲ್ಲಿನಲ್ಲಿದೆ. ಎಷ್ಟೊಂದು ಹೋಲಿಕೆ ಹುಡುಕಿದವರಿಗೆ ಅದೊಂದಕ್ಕೆ ಮಾತ್ರ ಜಾಗ ಸಿಕ್ಕಿಲ್ಲ.

ಇಲ್ಲಿ ನಗು ಸ್ವಲ್ಪ ನಿಲ್ಲುತ್ತದೆ. ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದವರು ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್. ಕ್ಲೀವ್‌ಲ್ಯಾಂಡಿನ ಇಬ್ಬರು ಯೆಹೂದಿ ಹುಡುಗರು. ಸಾಯಲಿರುವ ಜನಾಂಗದ ಮಗುವನ್ನು ಪುಟ್ಟ ತೊಟ್ಟಿಲಲ್ಲಿ ಮಲಗಿಸಿ ಸಾಗಹಾಕುವುದು, ಅದು ಬೇರೆಯವರ ಮನೆಯಲ್ಲಿ ಬೆಳೆದು ದೊಡ್ಡದಾಗುವುದು, ಇದರಲ್ಲಿ ಅವರ ಮೋಶೆಯ ಕಥೆಯನ್ನು ಕಂಡವರೇ ಜಾಸ್ತಿ. 1940ರಲ್ಲಿ ನಾಜಿಗಳ ಎಸ್‌ಎಸ್ ಪಡೆಯ ಪತ್ರಿಕೆ ಸೀಗಲ್‌ರನ್ನು ಯೆಹೂದಿ ಅಂತ ಹೀಯಾಳಿಸಿ ಬರೆದಿತ್ತು. ಈ ಹುಡುಗರು 1938ರಲ್ಲಿ ಸೂಪರ್‌ಮ್ಯಾನ್ ಹಕ್ಕನ್ನು ಮಾರಿದ್ದು 130 ಡಾಲರ್‌ಗೆ. ಇಬ್ಬರಿಗೂ ಸೇರಿ. ಆಮೇಲೆ ಕೋರ್ಟು, ಕೆಲಸದಿಂದ ಹೊರಗೆ, ಹೆಸರೂ ಮಾಯ. 1975ರ ಹೊತ್ತಿಗೆ ಶುಸ್ಟರ್‌ಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಸೀಗಲ್ ಗುಮಾಸ್ತಿಕೆ ಮಾಡುತ್ತಿದ್ದರು. ಕೋಟಿಗಟ್ಟಲೆ ಸುರಿದು ತಮ್ಮ ಹುಡುಗನ ಸಿನಿಮಾ ಮಾಡುತ್ತಾರೆ ಅಂತ ಗೊತ್ತಾದಾಗ ಸೀಗಲ್ ಕೈಲಿದ್ದ ಅಸ್ತ್ರ ಒಂದೇ. ಆ ಸಿನಿಮಾಕ್ಕೆ ಶಾಪ ಹಾಕಿ ಪತ್ರಿಕೆಗಳಿಗೆ ಕಾಗದ ಬರೆದರು. ಮರ್ಯಾದೆಗೆ ಅಂಜಿ ವಾರ್ನರ್ ಕಂಪನಿ ಇಬ್ಬರಿಗೂ ತಲಾ ವರ್ಷಕ್ಕೆ 20,000 ಡಾಲರ್ ಪಿಂಚಣಿ ಕೊಟ್ಟಿತು, ಹೆಸರನ್ನೂ ವಾಪಸ್ ಹಾಕಿತು. ಬ್ರಾಂಡೊ ಅವರ 37 ಲಕ್ಷದ ಪಕ್ಕ ಈ ಅಂಕಿಯನ್ನು ಇಟ್ಟು ನೋಡಿ. ಒಬ್ಬ ಯೆಹೂದಿ ಮುದುಕನಿಂದ ಶಾಪ ಹಾಕಿಸಿಕೊಂಡವರು, ಅವನ ಮಗುವನ್ನೇ ಯೇಸು ಅಂತ ಚರ್ಚಿನಲ್ಲಿ ಮಾರುತ್ತಾರೆ. ಧರ್ಮದ ಹೋಲಿಕೆಯಂತೆ, ಆಳವಂತೆ. ಥೂ.

ಇರಲಿ. ದೇವರನ್ನು ತರುವುದಿದ್ದರೆ ನಮ್ಮ ಕಡೆಯವರ ಹಾಗೆ ಬಾಗಿಲು ತೆರೆದೇ ತರಬೇಕು. 1980ರಲ್ಲಿ ತೆಲುಗಿನಲ್ಲೂ ಒಂದು ‘ಸೂಪರ್‌ಮ್ಯಾನ್’ ಬಂತು. ನಾಯಕ ಎನ್.ಟಿ. ರಾಮರಾವ್. ಶಕ್ತಿ ಎಲ್ಲಿಂದ ಬಂತು ಅನ್ನೋದಕ್ಕೆ ಬೇರೆ ಗ್ರಹ, ಹಳದಿ ಸೂರ್ಯ ಅಂತ ಸುತ್ತುಬಳಸಲಿಲ್ಲ. ಹನುಮಂತ ಕೊಟ್ಟ, ಮುಗೀತು. ಹೋಲಿಕೆಯೂ ಇಲ್ಲ, ಟಿಪ್ಪಣಿಯೂ ಇಲ್ಲ. ಅಷ್ಟೊಂದು ಸಿನಿಮಾಗಳಲ್ಲಿ ಕೃಷ್ಣನಾಗಿದ್ದ ಮನುಷ್ಯ ಅವರು. 1983ರಲ್ಲಿ ಜನ ಅವರನ್ನು ಮುಖ್ಯಮಂತ್ರಿ ಮಾಡಿಯೇಬಿಟ್ಟರು. ಮಾರ್ಕೆಟಿಂಗ್ ಅಂದರೆ ಇದು. ವಾರ್ನರ್ ಬ್ರದರ್ಸ್ ಹೈದರಾಬಾದಿಗೆ ಬಂದು ಟ್ಯೂಷನ್ ತಗೊಳ್ಳಬೇಕಿತ್ತು. ಇನ್ನು ಬುಟ್ಟಿಯಲ್ಲಿ ಮಗುವನ್ನು ತೇಲಿಬಿಡೋದು ನಮಗೇನು ಹೊಸದಾ? ಕರ್ಣನನ್ನು ತೇಲಿಬಿಟ್ಟಾಗ ಸೂಪರ್‌ಮ್ಯಾನ್ ಬೆಳೆದ ಕನ್ಸಾಸ್ ಎಲ್ಲಿತ್ತು?

ಸ್ನೈಡರ್ ಸ್ವಾಮಿಗಳು ಅಲ್ಲಿಗೆ ನಿಲ್ಲಿಸಲಿಲ್ಲ. 2016ರ ಮುಂದಿನ ಸಿನಿಮಾ ಬಿಡುಗಡೆಯಾಗಿದ್ದು ಮಾರ್ಚ್ 25ಕ್ಕೆ. ಆ ವರ್ಷದ ಗುಡ್ ಫ್ರೈಡೇ ಅವತ್ತೇ. ಅದರಲ್ಲಿ ಸೂಪರ್‌ಮ್ಯಾನ್ ಸತ್ತ. 2017ರಲ್ಲಿ ಎದ್ದು ಬಂದ. ಆದರೆ ನಡುವೆ ಕ್ಯಾವಿಲ್ ಇನ್ನೊಂದು ಸ್ಟುಡಿಯೋದ ಸಿನಿಮಾಗೆ ಮೀಸೆ ಬಿಟ್ಟಿದ್ದರು, ಬೋಳಿಸಲು ಆ ಸ್ಟುಡಿಯೋದವರು ಬಿಡಲಿಲ್ಲ. ಕಂಪ್ಯೂಟರಿನಲ್ಲಿ ಮೀಸೆ ಅಳಿಸಿದರು, ಮೇಲ್ತುಟಿ ಊದಿಕೊಂಡಿತು. ಪುನರುತ್ಥಾನವಾದ ಕರ್ತನನ್ನು ಲೋಕವೆಲ್ಲ ನೋಡಿತು. ಮುಖ ಬಿಟ್ಟು ತುಟಿ ನೋಡಿತು.

ಈಗ ಗನ್ ಸಾಹೇಬರ ಹೊಸ ಸಿನಿಮಾದಲ್ಲಿ ಅಪ್ಪನ ಸಂದೇಶವೇ ತಿರುಗಿಬಿದ್ದಿದೆ. ಪೂರ್ತಿ ಕೇಳಿಸಿಕೊಂಡರೆ, ಹೋಗು ಮಗನೇ, ಭೂಮಿಯನ್ನು ಆಳು, ಬೇಕಾದಷ್ಟು ಹೆಂಡಿರನ್ನು ಮಾಡಿಕೋ ಅಂತಿದೆ! ಇದಕ್ಕೆ ಪ್ರವಚನದ ಟಿಪ್ಪಣಿ ಯಾರಾದರೂ ಬರೆಯಲಿ ನೋಡೋಣ. ಮಗ ಅಪ್ಪನ ಮಾತು ಬಿಟ್ಟು, ಸಾಕಿದವರ ಮಾತು ಕೇಳಿ, ಯುದ್ಧದ ನಡುವೆ ಒಂದು ಅಳಿಲನ್ನು ಎತ್ತಿ ಪಕ್ಕಕ್ಕಿಡುತ್ತಾನೆ. ಅಳಿಲಿಗೆ ಅಷ್ಟು ಹೊತ್ತು ಯಾಕೆ ಅಂತ ಸೂತಕದ ಪಂಗಡ ಸಿಟ್ಟಾಗಿದೆ. ಸಿಟ್ಟಾಗಲಿ.

ನಮ್ಮ ಸೆನ್ಸಾರ್ ಮಂಡಳಿ ಮಾತ್ರ ಹಳೆಯ ಒಡಂಬಡಿಕೆಯ ಕಾಲದಲ್ಲೇ ಇದೆ. ಮಹಾನಗರಗಳು ನೆಲಸಮವಾಗಿದ್ದನ್ನು ನಾವು ನೋಡಿದೆವು. ಕತ್ತು ಮುರಿದಿದ್ದನ್ನೂ ನೋಡಿದೆವು, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು. ಈ ಸಲ ಅವನು ಲೋಯಿಸ್‌ಗೆ ಮುತ್ತು ಕೊಟ್ಟ. ಮಂಡಳಿ ಬೆಚ್ಚಿಬಿದ್ದು ಕತ್ತರಿ ಹಾಕಿತು. ಎಷ್ಟು ಗೊತ್ತಾ? ಪತ್ರಿಕೆಗಳಲ್ಲಿ ಬಂದ ಲೆಕ್ಕ ಮೂವತ್ತಮೂರು ಸೆಕೆಂಡು. ಆ ಮೂವತ್ತಮೂರರ ಮಹಿಮೆ ಏನು ಅಂತ ಯಾರಾದರೂ ಪಾಸ್ಟರ್ ಭಾನುವಾರ ಬಿಡಿಸಿ ಹೇಳಿದರೆ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ.