675 ಪಟ್ಟು ಶನಿ

ಅಕ್ಕನ ಮಗಳಿಗೆ ಹತ್ತು ತುಂಬಿದ ದಿನ ಟೆಲಿಸ್ಕೋಪು ಕೊಡಿಸುತ್ತೇನೆಂದು ಎರಡು ವರ್ಷದ ಹಿಂದೆಯೇ ಮಾತು ಕೊಟ್ಟುಬಿಟ್ಟಿದ್ದೆ. ಸೋದರಮಾವನ ಮಾತು, ತಪ್ಪುವಂತಿಲ್ಲ. ಮೊದಲ ತಕರಾರು ನನ್ನ ಅಮ್ಮನದು. "ಹುಟ್ಟುಹಬ್ಬದ ದಿನ ಮಗುವಿಗೆ ಶನಿಯನ್ನು ತೋರಿಸುತ್ತೀಯಾ? ಅವನಾಗಿ ಬಂದರೇ ಏಳೂವರೆ ವರ್ಷ ಬಿಡುವುದಿಲ್ಲ, ನೀನು ಕರೆದು ತರುತ್ತೀಯಲ್ಲೋ!" ಗುರುವೂ ಕಾಣುತ್ತಾನೆ ಎಂದ ಮೇಲೆ, ಮೊಮ್ಮಗಳಿಗೆ ಗುರುಬಲ ಈಗಿನಿಂದಲೇ ಕೂಡಿಬರಲಿ ಎಂದು ಒಪ್ಪಿದಳು.

ಅಂಗಡಿಯಲ್ಲಿ ಟೆಲಿಸ್ಕೋಪುಗಳ ಜಾಗ ರಿಮೋಟ್ ಕಾರು ಮತ್ತು ಮಾತನಾಡುವ ಗೊಂಬೆಗಳ ನಡುವೆ. ಡಬ್ಬದ ಮೇಲೆ ಉಂಗುರ ತೊಟ್ಟ ಶನಿ ಮದುಮಗನಂತೆ ಮಿಂಚುತ್ತಿದ್ದ. ಬಾಹ್ಯಾಕಾಶ ನೌಕೆ ಅವನ ಮನೆ ಬಾಗಿಲಿಗೇ ಹೋಗಿ ತೆಗೆದ ಚಿತ್ರ ಅದು. ಕೆಳಗೆ ಬೆಂಡೆಕಾಯಿ ಗಾತ್ರದಲ್ಲಿ "675 ಎಕ್ಸ್" ಎಂದು ಬರೆದಿತ್ತು.

"ಆರುನೂರ ಎಪ್ಪತ್ತೈದು ಪಟ್ಟು ಸರ್. ಪಕ್ಕದ್ದು ಐನೂರ ಇಪ್ಪತ್ತೈದು. ಎಂಟುನೂರು ರೂಪಾಯಿ ಹೆಚ್ಚು ಕೊಟ್ಟರೆ ನೂರೈವತ್ತು ಪಟ್ಟು ಹೆಚ್ಚು ಸಿಗುತ್ತದೆ," ಎಂದ ಅಂಗಡಿಯವನು, ಅಕ್ಕಿಗೆ ರಿಯಾಯಿತಿ ಹೇಳುವ ಧಾಟಿಯಲ್ಲಿ.

ಈ 675 ಹುಟ್ಟುವ ಬಗೆ ಸರಳ. ಕೊಳವೆಯ ಸಂಗಮದೂರ, ಅಂದರೆ ಮುಂದಿನ ಮಸೂರದಿಂದ ಬೆಳಕು ಒಂದೆಡೆ ಕೂಡುವ ಜಾಗಕ್ಕಿರುವ ದೂರ, 900 ಮಿ.ಮೀ. ಅದಕ್ಕೆ 4 ಮಿ.ಮೀ. ಸಂಗಮದೂರದ ಕಣ್ಣುಮಸೂರ ಹಾಕಿದರೆ, 900ನ್ನು 4ರಿಂದ ಭಾಗಿಸಿ, 225 ಪಟ್ಟು. ನಡುವೆ ಅದನ್ನೂ ಮೂರು ಪಟ್ಟು ಹಿಗ್ಗಿಸುವ ಬಾರ್ಲೊ ಎಂಬ ಮಸೂರ ಸಿಕ್ಕಿಸಿದರೆ 675. ಗಣಿತದಲ್ಲಿ ಎಳ್ಳಷ್ಟೂ ಮೋಸವಿಲ್ಲ. ಆದರೆ ಬೆಳಕು ಒಳಗೆ ಬರುವ ಮುಂದಿನ ಮಸೂರ ಬರೀ 60 ಮಿ.ಮೀ. ಅಗಲ, ನಿಪ್ಪಟ್ಟಿಗಿಂತ ಕಿರಿದು. ಮಿಲಿಮೀಟರಿಗೆ ಎರಡು ಪಟ್ಟು ಎಂಬುದು ಬಲ್ಲವರ ಲೆಕ್ಕ. ಅಂದರೆ 120ಕ್ಕೆ ಅದರ ಯೋಗ್ಯತೆ ಮುಗಿಯಿತು. ಅದರಾಚೆಗಿನದೆಲ್ಲ ನೆಂಟರು ಹೆಚ್ಚಾದರೆಂದು ಸಾರಿಗೆ ನೀರು ಬೆರೆಸಿದಂತೆ. ಪಾತ್ರೆ ತುಂಬುತ್ತದೆ, ಸಾರು ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ.

ಗೆಲಿಲಿಯೊ 1610ರ ಜನವರಿಯಲ್ಲಿ ಗುರುವಿನ ನಾಲ್ಕು ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟಿನ ಕೊಳವೆಯಲ್ಲಿ. ಆ ಕೊಳವೆಯನ್ನು ಈ ಅಂಗಡಿಗೆ ತಂದಿದ್ದರೆ ಗಿಲಕಿಗಳ ಸಾಲಿನಲ್ಲಿ ಇಡುತ್ತಿದ್ದರು.

ಪಕ್ಕದಲ್ಲಿ ನಿಂತ ಗಿರಾಕಿಯೊಬ್ಬರು, "ಎಷ್ಟು ಕಿಲೋಮೀಟರ್ ಕಾಣುತ್ತದೆ?" ಎಂದು ಕೇಳಿದರು. "ಐವತ್ತು ಗ್ಯಾರಂಟಿ ಸರ್." ಚಂದ್ರ ಇರುವುದು 3,84,000 ಕಿಲೋಮೀಟರ್ ದೂರದಲ್ಲಿ, ಅವನನ್ನು ನನ್ನ ಅಮ್ಮ ಕನ್ನಡಕವಿಲ್ಲದೆಯೇ ನೋಡುತ್ತಾಳೆ ಎಂದು ಹೇಳಬೇಕೆನಿಸಿತು. ಅವರ ಮುಖದಲ್ಲಿದ್ದ ತೃಪ್ತಿ ನೋಡಿ ಸುಮ್ಮನಾದೆ.

ಮೂಲೆಯಲ್ಲಿ ಡಾಬ್ಸೋನಿಯನ್ ಎಂಬ ಕನ್ನಡಿ ಟೆಲಿಸ್ಕೋಪೊಂದು ಧೂಳು ತಿನ್ನುತ್ತಿತ್ತು. 150 ಮಿ.ಮೀ. ಕನ್ನಡಿ, ತಿರುಗುವ ಮರದ ಪೀಠ, ಅಲುಗಾಡಲು ಕಾಲುಗಳೇ ಇಲ್ಲ. "ಅದಕ್ಕೆ ಗಿಫ್ಟಿನ ಕಳೆ ಇಲ್ಲ ಸರ್, ಒಳಚರಂಡಿ ಪೈಪಿನ ಹಾಗೆ ಕಾಣುತ್ತದೆ," ಎಂದು ಅಂಗಡಿಯವನೇ ತಡೆದ. ಬೆಲೆಯೂ ತಡೆಯಿತು. ಆ ದುಡ್ಡಿಲ್ಲದವನು 10x50 (ಹತ್ತು ಪಟ್ಟು, 50 ಮಿ.ಮೀ. ಮಸೂರದ) ಬೈನಾಕ್ಯುಲರ್ ಕೊಳ್ಳುವುದು ಲೇಸು ಎಂಬುದೂ ನನಗೆ ಗೊತ್ತಿತ್ತು. ಆದರೆ ಕೇಕು ಕತ್ತರಿಸುವ ಹೊತ್ತಿಗೆ ಭಾವನ ಕಡೆಯವರೆಲ್ಲ ಇರುತ್ತಾರೆ. ಇಷ್ಟೆಲ್ಲ ಲೆಕ್ಕ ಬಲ್ಲ ನಾನು 675ನ್ನೇ ಹೊತ್ತು ತಂದೆ. ಕಣ್ಣುಮಸೂರಕ್ಕೆ ತಿರುಗಿಸಿ ಕೂರಿಸುವ ಪುಟ್ಟ ಕಪ್ಪು ಗಾಜೊಂದು "ಸೂರ್ಯನನ್ನು ನೋಡಲು ಉಚಿತ" ಎಂದು ಜೊತೆಗಿತ್ತು. ಸೂರ್ಯನ ಶಾಖ ಒಟ್ಟಾಗಿ ಬೀಳುವುದು ಅಲ್ಲೇ. ಅದು ಬಿರುಕು ಬಿಟ್ಟರೆ ಹೋಗುವುದು ಮಗುವಿನ ಕಣ್ಣು. ಅದನ್ನು ಅಂಗಡಿಯ ಮೆಟ್ಟಿಲ ಬಳಿಯೇ ಪುಡಿ ಮಾಡಿ ಕಸದ ಬುಟ್ಟಿಗೆ ಹಾಕಿದೆ.

ರಾತ್ರಿ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ, ನೀರಿನ ಟ್ಯಾಂಕಿಗೂ ಒಣಹಾಕಿದ ಹಪ್ಪಳಕ್ಕೂ ನಡುವೆ ಮುಕ್ಕಾಲಿ ನಿಂತಿತು. ನಿಂತಿತು ಎನ್ನುವುದು ದೊಡ್ಡ ಮಾತು. ಫೋಕಸ್ ಗುಂಡಿ ಮುಟ್ಟಿದರೆ ಚಂದ್ರ ಕಾದ ಎಣ್ಣೆಗೆ ಬಿಟ್ಟ ಬೋಂಡಾದಂತೆ ಹೊರಳುತ್ತಿದ್ದ. ಭಾವನ ಹಟಕ್ಕೆ 675 ಪಟ್ಟು ಹಾಕಿದೆವು. ಭೂಮಿ ತಿರುಗುವ ವೇಗಕ್ಕೆ ಹದಿನೈದು ಸೆಕೆಂಡಿನೊಳಗೆ ಗುರು ಚೌಕಟ್ಟಿನಿಂದ ಜಾರಿಹೋಗುತ್ತಿದ್ದ. ಸರದಿ ಬರುವಷ್ಟರಲ್ಲಿ ಪ್ರತಿಯೊಬ್ಬರಿಗೂ ಸಿಕ್ಕಿದ್ದು ಬೂದು ಬಣ್ಣದ ಶೂನ್ಯ. "ಚೆನ್ನಾಗಿದೆ," ಎಂದರು ಎಲ್ಲರೂ, ಪಾಯಸ ಹೊತ್ತಿದ್ದರೂ ಹೊಗಳುವ ಬೀಗರಂತೆ.

ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಬಂದರು. ಆಕಾಶ ಮಬ್ಬಾಗಿದೆ ಎಂದು ಕೊಳವೆಯನ್ನು ಎದುರು ರಸ್ತೆಯ ಫ್ಲೆಕ್ಸಿಗೆ ತಿರುಗಿಸಿದರು. ಹುಟ್ಟುಹಬ್ಬದ ಶುಭಾಶಯ ಹೊತ್ತ ಯುವ ನಾಯಕರು ನಾಲ್ಕು ದೀಪಗಳ ಪ್ರಭಾವಳಿಯಲ್ಲಿ, ಅಕ್ಷರ ಮಾತ್ರ ಎಡಬಲ ತಿರುವುಮುರುವಾಗಿ, ಮೀಸೆಯ ಕೂದಲೂ ಎಣಿಸುವಂತೆ ಕಂಡರು. "ಅದ್ಭುತ ಯಂತ್ರ!" ಎಂದರು ಕಾರ್ಯದರ್ಶಿಗಳು. ಬೆಂಗಳೂರಿನ ಖಗೋಳ ವಿಜ್ಞಾನಿಗಳು ಎರಡು ಮೀಟರ್ ಅಗಲದ ದೂರದರ್ಶಕವನ್ನು ಲಡಾಖಿನ ಹಾನ್ಲೆಯಲ್ಲಿಟ್ಟು, ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ. ಯಾಕೆಂದು ಅಂದು ನನಗೆ ಮನದಟ್ಟಾಯಿತು.

ಎಲ್ಲರೂ ಊಟಕ್ಕೆ ಇಳಿದ ಮೇಲೆ ಹುಡುಗಿ ಬಾರ್ಲೊವನ್ನು ಕಿತ್ತು ಜೇಬಿಗೆ ಹಾಕಿದಳು. 20 ಮಿ.ಮೀ. ಕಣ್ಣುಮಸೂರ ಸಿಕ್ಕಿಸಿ, ಕೊಳವೆಯನ್ನು ಮುಕ್ಕಾಲಿಯಿಂದ ಬಿಡಿಸಿ ತಾರಸಿಯ ಗೋಡೆಯ ಮೇಲೆ ದಿಂಬಿಟ್ಟು ಮಲಗಿಸಿದಳು. 45 ಪಟ್ಟು. "ಮಾವ, ಪಕ್ಕದಲ್ಲಿ ನಾಲ್ಕು ಚುಕ್ಕೆ ಸಾಲಾಗಿ ಇವೆ!" ಎಂದು ಕೂಗಿದಳು. ನಾನು ಬಗ್ಗಿ ನೋಡುವಷ್ಟರಲ್ಲಿ ಕಾವಲುಗಾರ ಮೇಲೆ ಬಂದು, ಕತ್ತಲಲ್ಲಿ ಮಕ್ಕಳು ಇರಬಾರದೆಂದು ದೀಪ ಹಾಕಿದ.

ಮುಂದಿನ ಭಾನುವಾರ ಸಂಘದ ಸಭೆ ನಡೆಯಿತು. ಮಕ್ಕಳಲ್ಲಿ ಖಗೋಳಾಸಕ್ತಿ ಬೆಳೆಸಲು ತಾರಸಿಗೆ ಇನ್ನೆರಡು ಫ್ಲಡ್‌ಲೈಟ್ ಹಾಕಿಸುವ ನಿರ್ಣಯ ನನ್ನೊಬ್ಬನನ್ನು ಬಿಟ್ಟು ಉಳಿದೆಲ್ಲರ ಒಪ್ಪಿಗೆಯಿಂದ ಪಾಸಾಯಿತು. ನಾನು ಎದ್ದು ನಿಂತು ಅಡ್ಡ ಮಾತನಾಡಿದೆ. ಬೆಳಕೇ ಇಲ್ಲದಿದ್ದರೆ ನಕ್ಷತ್ರ ಕಾಣುವುದಾದರೂ ಹೇಗೆ ಎಂದು ಕಾರ್ಯದರ್ಶಿಗಳು ಕೇಳಿದರು.