ಲಗೇಜಿಗೆ ಹಗ್ಗ, ಮಗುವಿಗೆ ಮಡಿಲು

ಬೇಸಿಗೆ ರಜೆ ಶುರುವಾದ ಮೇಲೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲೋ ಎಂ.ಸಿ.ಸಿ. ಬ್ಲಾಕಿನಲ್ಲೋ ಬೆಳಗ್ಗೆ ಆರಕ್ಕೆ ಒಂದು ಸುತ್ತು ಹಾಕಿ ಬನ್ನಿ. ಕಟ್ಟುವ ವಿದ್ಯೆಯಲ್ಲಿ ನಮ್ಮ ಊರಿನವರನ್ನು ಮೀರಿಸುವವರಿಲ್ಲ ಅನ್ನುವುದು ಖಾತ್ರಿಯಾಗುತ್ತದೆ. ಕ್ಯಾರಿಯರ್ ಮೇಲೆ ಎರಡು ಸೂಟ್‌ಕೇಸು, ಅವಕ್ಕೆ ಟಾರ್ಪಾಲು, ಟಾರ್ಪಾಲಿನ ಮೇಲೆ ಅಡ್ಡಡ್ಡ ನೈಲಾನ್ ಹಗ್ಗ. ಮನೆ ಯಜಮಾನರು ಹಗ್ಗ ಜಗ್ಗಿ ನೋಡುತ್ತಾರೆ. ಎದುರು ಮನೆಯವರು ಹಲ್ಲುಜ್ಜುತ್ತಲೇ ಬಂದು ಇನ್ನೊಮ್ಮೆ ಜಗ್ಗಿ, "ಇನ್ನೊಂದು ಗಂಟು ಹಾಕ್ರಿ, ಹೈವೇದಾಗ ಗಾಳಿ ಜಾಸ್ತಿ" ಅನ್ನುತ್ತಾರೆ. ನೆಂಟರ ಮನೆಗೆಂದು ಕೊಂಡ ಬೆಣ್ಣೆ ಡಬ್ಬಿಗೆ ಹಿಂದಿನ ಸೀಟಿನಲ್ಲಿ ಜಾಗ. ಚೆಲ್ಲಿದರೆ ಸೀಟ್ ಕವರ್ ಹಾಳು ಎಂದು ಅದಕ್ಕೆ ಬೆಲ್ಟೂ ಹಾಕಲಾಗುತ್ತದೆ. ಡ್ಯಾಶ್‌ಬೋರ್ಡಿನ ಗಣಪ ಎರಡು ಕಡೆ ಅಂಟುವ ಟೇಪಿನ ಮೇಲೆ ಅಲ್ಲಾಡದೆ ಕೂತಿರುತ್ತಾನೆ. ಎಲ್ಲ ಬಿಗಿಯಾದ ಮೇಲೆ, ಹದಿನಾಲ್ಕು ತಿಂಗಳ ಮಗುವನ್ನು ಎತ್ತಿ ಮುಂದಿನ ಸೀಟಿನ ಅಜ್ಜನ ತೊಡೆಗೆ ಕೊಟ್ಟು, ಗಾಡಿ ಚಿತ್ರದುರ್ಗದ ಕಡೆ ಹೊರಡುತ್ತದೆ. ಹಿಂದಿನ ಗಾಜಿನ ಮೇಲೆ ಹಳದಿ ಸ್ಟಿಕ್ಕರ್: "ಕಾರಿನಲ್ಲಿ ಮಗು ಇದೆ, ನಿಧಾನ." ಜವಾಬ್ದಾರಿ ಹಿಂದೆ ಬರುವ ಲಾರಿಯವನದು.

ಮಡಿಲು ಎಂಬ ಈ ಸೀಟಿನ ತಾಂತ್ರಿಕ ವಿವರ ಕೊಡದಿದ್ದರೆ ಅನ್ಯಾಯವಾದೀತು. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22 ಮೀಟರ್. ಆ ವೇಗ ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ಸೊನ್ನೆಗಿಳಿದರೆ, 10 ಕೆ.ಜಿ. ಮಗುವನ್ನು ಹಿಡಿದಿಡಲು 225 ಕೆ.ಜಿ. ಭಾರ ತಡೆಯುವಷ್ಟು ಬಲ ಬೇಕು. ಎಪಿಎಂಸಿಯ ಹಮಾಲರೂ ಎರಡು ಕ್ವಿಂಟಾಲ್ ಮೆಕ್ಕೆಜೋಳವನ್ನು ಒಂದೇ ಏಟಿಗೆ ಎತ್ತುವುದಿಲ್ಲ. ಅಜ್ಜ ಮಾತ್ರ ಎಡಗೈಯಲ್ಲಿ ಅಷ್ಟನ್ನೂ ತಡೆಯುತ್ತಾರೆ. ಬಲಗೈಯಲ್ಲಿ ಮಂಡಕ್ಕಿ ಪೊಟ್ಟಣ ಇರುತ್ತದಲ್ಲ. ಅದೂ ಅವರಿಗೆ ಏನಾಗುತ್ತಿದೆ ಎಂದು ಗೊತ್ತಾಗುವ ಮೊದಲೇ.

ಇದರ ಸುಧಾರಿತ ಮಾಡೆಲ್ ಕೂಡ ಇದೆ: ಅಜ್ಜ, ಮೊಮ್ಮಗ ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟು. "ನೋಡ್ರಿ, ಬೆಲ್ಟ್ ಹಾಕೀವಿ" ಎಂದು ತೋರಿಸಲು ಚೆಂದ. ಡಿಕ್ಕಿಯಾದಾಗ ಅಜ್ಜನ ಪೂರಾ ಭಾರ ಮಗುವನ್ನು ಬೆಲ್ಟಿಗೆ ಒತ್ತಿ ಹಿಂಡುತ್ತದೆ. ಇನ್ನು ಎದುರಿನ ಏರ್‌ಬ್ಯಾಗು ಸೆಕೆಂಡಿನ ನೂರರಲ್ಲಿ ಮೂರು ಪಾಲಿನಷ್ಟು ಹೊತ್ತಿನಲ್ಲಿ ಉಬ್ಬುತ್ತದೆ. ಅದರ ಲೆಕ್ಕವೆಲ್ಲ ಬೆಲ್ಟ್ ಹಾಕಿ ಹಿಂದಕ್ಕೊರಗಿ ಕೂತ ದೊಡ್ಡವರ ಎದೆಗೆ. ತೊಡೆ ಮೇಲಿನ ಮಗುವಿನ ಮುಖಕ್ಕಲ್ಲ. ಅಲ್ಲಿ ನಡುವೆ ಸಿಕ್ಕ ಮಗು ಅಜ್ಜನ ಪಾಲಿನ ಏರ್‌ಬ್ಯಾಗ್ ಆಗುತ್ತದೆ. ಮುಂದಿನ ಸೀಟಿನಲ್ಲಿ ಹಿಮ್ಮುಖದ ಕಾರ್ ಸೀಟು, ಅಂದರೆ ಮಗುವನ್ನು ಹಿಂದಕ್ಕೆ ಮುಖ ಮಾಡಿ ಪಟ್ಟಿಯಿಂದ ಬಿಗಿಯುವ ಪುಟ್ಟ ಸೀಟು, ಇಡಬಾರದು ಎಂದು ಸನ್‌ವೈಸರಿನಲ್ಲಿ ಕೆಂಪು ಗೆರೆ ಹೊಡೆದ ಚಿತ್ರವಿದೆ. ನಮ್ಮವರು ಅದನ್ನು ತಪ್ಪದೆ ಪಾಲಿಸುತ್ತಾರೆ, ಸೀಟನ್ನೇ ಇಡುವುದಿಲ್ಲ.

"ನಮ್ದು ಫೈವ್ ಸ್ಟಾರ್ ಗಾಡಿ, ಏನಾಗಲ್ಲ ಬಿಡ್ರಿ" ಅನ್ನುವವರಿಗೆ ಒಂದು ಸಣ್ಣ ಸುದ್ದಿ. ಗಾಡಿಗಳನ್ನು ಗುದ್ದಿಸಿ ನೋಡಿ ನಕ್ಷತ್ರ ಕೊಡುವ, 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಮಕ್ಕಳ ಸುರಕ್ಷತೆಗೆ 49 ಅಂಕ. ಅದಕ್ಕಾಗಿ ಒಂದೂವರೆ ವರ್ಷದ ಮಗುವಿನ ಅಳತೆಯದೊಂದು, ಮೂರು ವರ್ಷದ್ದೊಂದು ಡಮ್ಮಿಯನ್ನು ಹಿಂದಿನ ಸೀಟಿನಲ್ಲಿ ಕಾರ್ ಸೀಟಿಗೆ ಬಿಗಿದು, 64 ಕಿ.ಮೀ. ವೇಗದಲ್ಲಿ ಗಾಡಿಯನ್ನು ಗುದ್ದಿಸುತ್ತಾರೆ. ನಕ್ಷತ್ರ ಗಳಿಸಿದ್ದು ಆ ಬಿಗಿದ ಗೊಂಬೆಗಳು. ಶೋರೂಮಿನಲ್ಲಿ ನಕ್ಷತ್ರ ನಮ್ಮ ಕೈಗೆ ಬರುತ್ತದೆ. ಗೊಂಬೆಯ ಸೀಟು ಪ್ರಯೋಗಾಲಯದಲ್ಲೇ ಉಳಿಯುತ್ತದೆ.

ಕಾನೂನು ಇಲ್ಲವೇ ಎಂದರೆ, ಬೇಕಾದಷ್ಟಿದೆ. 2019ರ ತಿದ್ದುಪಡಿಯಲ್ಲಿ ಬಂದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮು, 14 ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ಗಾಡಿ ಓಡಿಸಿದರೆ 1000 ರೂಪಾಯಿ ದಂಡ ಎನ್ನುತ್ತದೆ. ದ್ವಿಚಕ್ರದಲ್ಲಿ ನಾಲ್ಕು ವರ್ಷದೊಳಗಿನ ಮಗುವಿಗೆ ಸವಾರನ ಮೈಗೆ ಕಟ್ಟುವ ಪಟ್ಟಿ, ಹೆಲ್ಮೆಟ್ಟು, ಗರಿಷ್ಠ 40 ಕಿ.ಮೀ. ವೇಗ ಎಂಬ ನಿಯಮ 2023ರ ಫೆಬ್ರುವರಿಯಿಂದಲೇ ಜಾರಿಯಲ್ಲಿದೆ; ಪಟ್ಟಿ ಮಾರುವ ಅಂಗಡಿ ಎಲ್ಲಿದೆ ಎಂದು ಮಾತ್ರ ಕೇಳಬೇಡಿ. ಕಾರಿನವರು ಬೆಲ್ಟಿನ ಪೂಜೆ ಸಲ್ಲಿಸುವುದು ಹೆಬ್ಬಾಳು ಟೋಲಿನ ಕಮಾನು ಕಂಡಾಗ. ಡ್ರೈವರು ಬೆಲ್ಟನ್ನು ಎಳೆದು ಎದೆ ಮೇಲೆ ಅಡ್ಡ ಹಿಡಿಯುತ್ತಾನೆ, ಫಾಸ್ಟ್‌ಟ್ಯಾಗ್ ಕಿಂಯ್ ಅಂದ ಮೇಲೆ ಬಿಡುತ್ತಾನೆ. ಬೆಲ್ಟ್ ಹಾಕದಿದ್ದರೆ ಗಾಡಿಯೇ ಬೀಪ್ ಎಂದು ಗೋಳಾಡುತ್ತದಲ್ಲ, ಅದರ ಬಾಯಿ ಮುಚ್ಚಿಸಲು ಸುಳ್ಳು ಕ್ಲಿಪ್ಪು ಸಿಗುತ್ತದೆ. ಇಂಥ ಕ್ಲಿಪ್ ಮಾರುವುದನ್ನು ನಿಲ್ಲಿಸಿ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಆನ್‌ಲೈನ್ ಅಂಗಡಿಗಳಿಗೆ ಆದೇಶ ಕೊಡಬೇಕಾಯಿತು. ಬೀಪ್ ಸದ್ದಿಗೆ ಮಗು ಏಳುತ್ತದೆ ಎಂಬ ಕಾಳಜಿ ಬೇರೆ!

ಭರಮಸಾಗರ ದಾಟಿ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣಿಸಿದವೋ, ಸನ್‌ರೂಫ್ ತೆರೆಯುತ್ತದೆ. ಐದು ವರ್ಷದ ದೊಡ್ಡ ಮಗ ಸೊಂಟದ ತನಕ ಮೇಲೆ ಬಂದು ಕೈ ಬೀಸುತ್ತಾನೆ. ಹೆದ್ದಾರಿ ಆರು ಪಥದ್ದು. ಆದರೂ ರಾಂಗ್ ಸೈಡಿನ ಟ್ರ್ಯಾಕ್ಟರಿಗೆ, ಡಿವೈಡರ್ ಸಂದಿಯಿಂದ ಇಳಿಯುವ ಎಮ್ಮೆಗೆ ಅದು ಒಂದೇ ಪಥ. ಬ್ರೇಕ್ ಒತ್ತಿದರೆ ಹುಡುಗನ ಎದೆಗೆ ಮೊದಲು ಸಿಗುವುದು ಸನ್‌ರೂಫಿನ ಅಂಚು. ಸನ್‌ರೂಫ್ ಇರುವ ಮಾಡೆಲೇ ಬೇಕೆಂದು ಮೂರು ತಿಂಗಳು ಕಾದ ಮನೆಯಲ್ಲಿ ಕಾರ್ ಸೀಟಿನ ಮಾತೆತ್ತಿ ನೋಡಿ: "ಎಂಟ್ಹತ್ತು ಸಾವಿರಾನಾ? ಎರಡು ವರ್ಷಕ್ಕೆ ಮಗು ಬೆಳೆದುಬಿಡ್ತೈತಿ, ದಂಡ!" ಮುಂದೆ ಹೋಗುವುದು ಏಳು ಸುತ್ತಿನ ಕೋಟೆ ನೋಡಲಿಕ್ಕೆ. ಮದಕರಿ ನಾಯಕರ ಊರಿನವರು ಬರಬಹುದಾದ ದಾಳಿಗೆ ಏಳು ಸುತ್ತು ಕಲ್ಲು ಕಟ್ಟಿದ್ದರು. ನಮಗೆ ಕಾರ್ ಸೀಟಿನ ಐದು ಪಟ್ಟಿಯ ಒಂದು ಬಕಲ್ ಹಾಕಲು ಬೇಜಾರು.

ಹಾಗಂತ ಸೀಟು ಕೊಂಡವರೇ ಇಲ್ಲವೆಂದಲ್ಲ. ನಾಮಕರಣಕ್ಕೆ ಉಡುಗೊರೆ ಬಂದದ್ದು ಹಾಲ್‌ನಲ್ಲಿ ಟಿವಿ ಮುಂದೆ ಊಟದ ಕುರ್ಚಿಯಾಗಿ ಸೇವೆ ಸಲ್ಲಿಸುತ್ತಿರುತ್ತದೆ. ಪಟ್ಟಿಗೆ ರಾಗಿ ಸರಿ ಮೆತ್ತಿ ಒಣಗಿ, ಬಕಲ್ ಒಳಗೆ ಅನ್ನದ ಅಗುಳು ಸೇರಿ ಕ್ಲಿಕ್ಕೇ ಆಗದಂತಾಗಿರುತ್ತದೆ. ಅದು ಕಾರಿಗೆ ಬಂದ ಅಪರೂಪದ ದಿನ ಏನಾಗುತ್ತದೆ ಎನ್ನುವುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಮೊದಲ ಶತ್ರು ಸೀಟ್ ಕವರು. ಗಾಡಿ ಬಂದ ವಾರದಲ್ಲೇ ದಪ್ಪ ಸ್ಪಂಜಿನ ಕವರ್ ಹೊಲಿಸಿ ಹಾಕಿಸಿರುತ್ತೇವೆ. ಹಿಂದಿನ ಸೀಟಿನ ಒರಗು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ ಐಸೋಫಿಕ್ಸ್ ಎಂಬ ಎರಡು ಉಕ್ಕಿನ ಕೊಂಡಿಗಳಿರುತ್ತವೆ; ಕವರ್ ಅವನ್ನು ಸಮಾಧಿ ಮಾಡಿರುತ್ತದೆ. ಬ್ಲೇಡು ಹಿಡಿದು ಕುಯ್ಯಬೇಕು, ಇಲ್ಲ ಕವರ್ ಬಿಚ್ಚಬೇಕು. ಕೊಯ್ಯುವ ಮಾತು ಬಂದಾಗ ಮನೆಯಲ್ಲಿ ಮೌನ: ಕವರಿಗೆ ದುಡ್ಡು ಕೊಟ್ಟಿದೆ! ಕೊಂಡಿ ಸಿಕ್ಕಿತೆನ್ನಿ, ಎರಡೂ ಕಡೆ ಕ್ಲಿಕ್ ಕೇಳಬೇಕು, ಗುರುತು ಕೆಂಪಿನಿಂದ ಹಸಿರಾಗಬೇಕು. ಅಲ್ಲಿಗೇ ಮುಗಿಯಿತು ಎಂದು ಕೈ ಕೊಡವಿಕೊಳ್ಳುವವರೇ ಹೆಚ್ಚು. ಮೂರನೇ ಆಧಾರ ಬಾಕಿ ಇದೆ: ಸೀಟಿನ ತಲೆಯಿಂದ ಹಿಂದಕ್ಕೆ ಎಳೆದು ಕಟ್ಟುವ ಟಾಪ್ ಟೆದರ್ ಪಟ್ಟಿ, ಇಲ್ಲವೇ ನೆಲಕ್ಕೂರುವ ಕಾಲು. ಅದಿಲ್ಲದಿದ್ದರೆ ಡಿಕ್ಕಿಯಲ್ಲಿ ಸೀಟು ಕೊಂಡಿಗಳ ಸುತ್ತ ಮುಂದಕ್ಕೆ ಮಗುಚುತ್ತದೆ. ಟೆದರಿನ ಕೊಕ್ಕೆ ಸಿಗಿಸುವ ಜಾಗ ಗಾಡಿಯ ಕೈಪಿಡಿಯಲ್ಲಿದೆ, ಕೈಪಿಡಿ ಪ್ಲಾಸ್ಟಿಕ್ಕಿನೊಳಗೆ ಸೀಲಾಗಿದೆ. ಹಾಗಾಗಿ ಕೊಕ್ಕೆ ಗಾಡಿಯ ಹಿಂಬದಿ ಸಾಮಾನಿನ ಜಾಗದಲ್ಲಿ ತರಕಾರಿ ಚೀಲ ನೇತು ಹಾಕುವ ಪ್ಲಾಸ್ಟಿಕ್ ಹುಕ್ಕಿಗೆ ಬೀಳುತ್ತದೆ. ಕಾಲು ಇರುವ ಸೀಟಾದರೆ ಅದು ಗಟ್ಟಿ ನೆಲಕ್ಕೆ ಊರಬೇಕು. ನಮ್ಮಲ್ಲಿ ಅದು ಸೆವೆನ್ ಡಿ ಮ್ಯಾಟ್ ಎಂಬ ಹಾಸಿಗೆಯ ಮೇಲೆ ಊರಿ, ಕೂತಷ್ಟೂ ಕುಸಿಯುತ್ತದೆ.

ಬೆಲ್ಟಿನಿಂದ ಕಟ್ಟುವ ಸೀಟಿನದು ಬೇರೆ ರಗಳೆ. ಯುರೋಪಿನ ನಿಯಮದ ಸೀಟುಗಳಲ್ಲಿ ಬೆಲ್ಟ್ ಹಾಯಿಸುವ ದಾರಿಗೆ ಬಣ್ಣವಿರುತ್ತದೆ, ಹಿಮ್ಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು. ಎರಡರಲ್ಲೂ ಅರ್ಧರ್ಧ ಹಾಯಿಸುವುದು ನಮ್ಮ ಸ್ವಂತ ಆವಿಷ್ಕಾರ. ಕೆಲವು ಗಾಡಿಗಳ ಹಿಂದಿನ ಬೆಲ್ಟು ಹಿಮ್ಮುಖದ ಸೀಟನ್ನು ಸುತ್ತಿ ಬರುವಷ್ಟು ಉದ್ದವೇ ಇರುವುದಿಲ್ಲ, ಆದ್ದರಿಂದ ಸೀಟು ಕೊಳ್ಳುವ ಮೊದಲು ಗಾಡಿಯಲ್ಲಿಟ್ಟು ನೋಡಬೇಕು. ನಮ್ಮ ಗಾಡಿಗಳ ಬೆಲ್ಟು ಸಾಮಾನ್ಯವಾಗಿ ಜೋರು ಬ್ರೇಕಿಗಷ್ಟೇ ಲಾಕ್ ಆಗುವಂಥದ್ದು. ಸುಮ್ಮನೆ ಹಾಕಿದರೆ ದಾರಿಯುದ್ದಕ್ಕೂ ಸಡಿಲಾಗುತ್ತದೆ. ಸೀಟಿನಲ್ಲೇ ಬೆಲ್ಟ್ ಹಿಡಿದಿಡುವ ಲಾಕ್ ಇದ್ದರೆ ಅದನ್ನು ಮುಚ್ಚಲೇಬೇಕು. ಗಾಡಿಯ ಬೆಲ್ಟಿನ ಬಕಲ್ ಮಗುವಿನ ಸೀಟಿನ ಅಂಚಿಗೆ ಬಾಗಿ ಕೂತರೆ ಒತ್ತಡಕ್ಕೆ ಮುರಿಯಬಹುದು. ಹಾಗಾದರೆ ಜಾಗ ಬದಲಿಸಿ. ಕಟ್ಟಿದ ಮೇಲೆ ಪರೀಕ್ಷೆ: ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿಯಬಾರದು. ಕ್ಯಾರಿಯರ್ ಹಗ್ಗವನ್ನು ಎರಡೆರಡು ಸಲ ಜಗ್ಗಿದವರು ಇದನ್ನು ಒಂದು ಸಲ ಜಗ್ಗಿದರೆ ಸಾಕಿತ್ತು.

ಆಮೇಲೆ ಹಿರಿಯರ ಆಕ್ಷೇಪ. "ಹಿಂದಕ್ಕೆ ಮುಖ ಮಾಡಿ ಕೂರಿಸಿದ್ರೆ ಪಾಪ, ಅದಕ್ಕೆ ರಸ್ತೆ ಕಾಣಂಗಿಲ್ಲ. ಕಾಲು ಬೇರೆ ಮಡಚಿ ಕೂತೈತಿ." ಮಕ್ಕಳಿಗೆ ಕಾಲು ಮಡಚುವುದು ಕಷ್ಟವಲ್ಲ, ಕಷ್ಟ ಕತ್ತಿನದು: ಮೈಯ ಅಳತೆಗೆ ತಲೆ ಭಾರ, ಕತ್ತಿನ ಎಲುಬು ಇನ್ನೂ ಎಳಸು. ಹಿಮ್ಮುಖವಾಗಿದ್ದರೆ ಸೀಟಿನ ಚಿಪ್ಪು ಬೆನ್ನು, ತಲೆ ಎಲ್ಲಕ್ಕೂ ಒಟ್ಟಿಗೆ ಆಸರೆಯಾಗಿ ಏಟನ್ನು ಹೊತ್ತುಕೊಳ್ಳುತ್ತದೆ. ಯುರೋಪಿನ ಹೊಸ ನಿಯಮ ಕನಿಷ್ಠ 15 ತಿಂಗಳ ತನಕ ಹಿಮ್ಮುಖ ಎನ್ನುತ್ತದೆ. ಸೀಟಿನ ಮಿತಿ ಇರುವ ತನಕ ಹಾಗೇ ಕೂರಿಸಿದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಮೊದಲ ಹುಟ್ಟುಹಬ್ಬದ ಕೇಕ್ ಕೊಯ್ದ ಮರುದಿನವೇ ಮುಮ್ಮುಖಕ್ಕೆ ಬಡ್ತಿ ಸಿಗುತ್ತದೆ. ಹೆಗಲ ಪಟ್ಟಿಯೂ ಅಷ್ಟೇ: ಹಿಮ್ಮುಖದಲ್ಲಿ ಅದು ಹೆಗಲ ಮಟ್ಟದಿಂದಲೋ ತುಸು ಕೆಳಗಿನಿಂದಲೋ ಬರಬೇಕು, ಮುಮ್ಮುಖದಲ್ಲಿ ಹೆಗಲ ಮಟ್ಟದಿಂದಲೋ ತುಸು ಮೇಲಿನಿಂದಲೋ. ಎರಡು ಬೆರಳಿನಿಂದ ಹೆಗಲ ಮೇಲಿನ ಪಟ್ಟಿಯನ್ನು ಚಿವುಟಲು ನೋಡಿ, ಮಡಿಕೆ ಸಿಕ್ಕರೆ ಸಡಿಲ ಎಂದರ್ಥ. ಏಪ್ರಿಲ್ ಬಿಸಿಲಿನಲ್ಲೂ ಎಸಿ ಗಾಳಿ ತಾಗುತ್ತದೆಂದು ಸ್ವೆಟರು, ಕುಲಾವಿ, ಮೇಲೊಂದು ಶಾಲು ತೊಡಿಸಿ ಪಟ್ಟಿ ಬಿಗಿದರೆ, ಡಿಕ್ಕಿಯಲ್ಲಿ ಉಣ್ಣೆ ಚಪ್ಪಟೆಯಾಗಿ ಅಷ್ಟೂ ಜಾಗ ಸಡಿಲ. ಪಟ್ಟಿ ಮೊದಲು, ಹೊದಿಕೆ ಅದರ ಮೇಲೆ. ಕೋಟೆ ಮುಂದೆ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಬಕಲ್ ತೊಡೆಗೆ ತಾಗಿದರೆ ಬರೆ ಬೀಳುತ್ತದೆ. ಇಳಿಯುವಾಗ ಸೀಟಿಗೊಂದು ಬಿಳಿ ಟವೆಲ್ ಹೊದಿಸಿ, ಕೂರಿಸುವ ಮುಂಚೆ ಲೋಹ ಮುಟ್ಟಿ ನೋಡಿ.

ಅಳು ಬಂದರೆ? ಬರುತ್ತದೆ. ಎರಡು ತಾಸಿಗೊಮ್ಮೆ ನಿಲ್ಲಿಸಿ, ಇಳಿಸಿ, ಹಾಲು ಕೊಟ್ಟು ಮತ್ತೆ ಕಟ್ಟಬೇಕು. ದಾವಣಗೆರೆಯಿಂದ ಹಿರಿಯೂರಿಗೆ ಅಷ್ಟು ಹೊತ್ತೂ ಬೇಡ. ನಮ್ಮಲ್ಲಿ ಐದು ನಿಮಿಷಕ್ಕೇ ತೀರ್ಪು: "ಪೊಲೀಸ್ ಸ್ಟೇಷನ್ನಾಗ ಕೂರಿಸಿದಂಗ್ ಕೂರಿಸೀರಿ, ತೆಗೀರಿ ಅತ್ಲಾಗೆ." ಮಗು ತೊಡೆಗೆ, ಖಾಲಿ ಸೀಟಿಗೆ ಚಿಪ್ಸ್ ಪೊಟ್ಟಣ. ಹಿರಿಯೂರಿನ ಹತ್ತಿರದ ಮಾರಿಕಣಿವೆ ಅಣೆಕಟ್ಟು ತಲುಪುವ ಹೊತ್ತಿಗೆ ಆ ಪೊಟ್ಟಣ ಐದು ಪಟ್ಟಿಯ ಭದ್ರತೆಯಲ್ಲಿ ಒಂದು ಹಳಕೂ ಮುರಿಯದೆ ಬಂದಿರುತ್ತದೆ.

ಬಾಡಿಗೆ ಗಾಡಿಯವರ ಕಥೆ ಚಿಕ್ಕದು. ಬೆಲ್ಟಿನ ಬಕಲ್‌ಗಳು ಸೀಟಿನಡಿ ಹೂತು ಹೋಗಿರುತ್ತವೆ, ಮೇಲೆ ಬಿಳಿ ಟವೆಲ್ ಹಾಸಿರುತ್ತದೆ. ಕೇಳಿದರೆ "ಹಿಂದ್ಗಡೆ ಬೆಲ್ಟ್ ಯಾರೂ ಕೇಳಂಗಿಲ್ರೀ." ಗಾಡಿ ಗೊತ್ತು ಮಾಡುವಾಗಲೇ, ಅಡ್ವಾನ್ಸ್ ಕೊಡುವ ಮೊದಲು, ಹಿಂದಿನ ಮೂರು ಬಕಲೂ ಹೊರಗೆ ತೆಗೆಸಿಡಿ ಎನ್ನಿ; ಎಸಿ ಇದೆಯಾ ಎಂದು ಕೇಳುವ ಉಸಿರಲ್ಲೇ. ಬೂಸ್ಟರ್ ಸೀಟಿನ (ಗಾಡಿಯ ಬೆಲ್ಟು ಸರಿಯಾಗಿ ಕೂರಲೆಂದು ಮಗುವನ್ನು ಎತ್ತರಿಸುವ ಸೀಟು) ವಯಸ್ಸಿನ ಮಗುವಿದ್ದರೆ ನಡುವಿನ ಸೀಟು ಬೇಡ, ಹಳೆ ಗಾಡಿಯಲ್ಲಿ ಅಲ್ಲಿ ಸೊಂಟದ ಪಟ್ಟಿ ಮಾತ್ರ ಇರುತ್ತದೆ. ಬೂಸ್ಟರಿಗೆ ಹೆಗಲ ಪಟ್ಟಿ ಬೇಕೇ ಬೇಕು.

ಕಡೆಗೆ ಮಗು ಬೆಳೆಯುತ್ತದೆ, ಸೀಟು ಮಾರಾಟಕ್ಕೆ ಬರುತ್ತದೆ. ಹಳೇ ಸೀಟು ಕೊಳ್ಳುವವರು ಚಿಪ್ಪಿನ ತಳದಲ್ಲಿ ಅಚ್ಚೊತ್ತಿದ ತಯಾರಿಕೆಯ ದಿನಾಂಕ ನೋಡಬೇಕು. ಬಿಸಿಲಿಗೆ ಪ್ಲಾಸ್ಟಿಕ್ ಹಳತಾಗುವುದರಿಂದ ಕಂಪನಿಗಳು ಆಯಸ್ಸಿನ ಮಿತಿ ಹೇಳಿರುತ್ತವೆ. ಪಟ್ಟಿ ಹರಿದಿದೆಯೇ, ಕೈಪಿಡಿ ಇದೆಯೇ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಈ ಸೀಟು ಯಾವುದಾದರೂ ಅಪಘಾತಕ್ಕೆ ಸಿಕ್ಕಿತ್ತೇ ಎಂಬುದು. ಸಿಕ್ಕಿದ್ದರೆ ಕಣ್ಣಿಗೆ ಕಾಣದ ಬಿರುಕಿರಬಹುದು, ಮುಟ್ಟಬಾರದು. ಬೇರೆ ಊರಿನಲ್ಲಿ ಮಾರುವವರ ಮಾತು ನಂಬುವುದು ಕಷ್ಟ. ನಮ್ಮ ಕಡೆಯ ಸೀಟನ್ನು ಕಣ್ಣು ಮುಚ್ಚಿ ಕೊಳ್ಳಬಹುದು: ಅದು ಇದುವರೆಗೆ ಕಾರನ್ನೇ ಹತ್ತಿರುವುದಿಲ್ಲ.